ಕಂಪ್ಯೂಟರು ಜೋಗುಳ ಹಾಡಿದ ಮಧ್ಯಾಹ್ನ

"ಇನ್ನು ಮುಂದೆ ಈ ಮನೇಲಿ ಜೋಗುಳ ಹಾಡೋದು ಕಂಪ್ಯೂಟರು. ಅದಕ್ಕೆ ಪಾಠ ಹೇಳೋಳು ನಾನು!"

ಸೊಸೆ ಹೀಗೆ ಘೋಷಿಸಿದಾಗ ಗಂಡ ಹಲ್ಲುಜ್ಜುತ್ತಿದ್ದ. ಗಾಬರಿಗೆ ನೊರೆ ನುಂಗಿಬಿಟ್ಟ.

"ನಿನಗೆ ಪ್ರೋಗ್ರಾಮಿಂಗ್ ಬರುತ್ತಾ?"

"ಬರಲ್ಲ, ಕಲೀತೀನಿ. ನಿಮಗೆ ಡಯಪರ್ ಹಾಕೋಕೆ ಹುಟ್ಟುತ್ತಲೇ ಬರ್ತಿತ್ತಾ?"

ಗಂಡ ಬಾಯಿ ಮುಕ್ಕಳಿಸಲು ಹೋದ.

ಅವಳ ಪಂತಕ್ಕೆ ಕಾರಣವಿತ್ತು. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದ ಕೆಲಸಕ್ಕೆ, ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ, ಬರುವ ತಿಂಗಳು ಮತ್ತೆ ಹೋಗಬೇಕಿತ್ತು. ಆದರೆ ಈಗಷ್ಟೇ ತೊದಲು ಮಾತು ಕಲಿತ ಮಗಳು ಚಿನಕುರಳಿ ಮಧ್ಯಾಹ್ನದ ನಿದ್ದೆಯ ನಡುವೆ ಎದ್ದು ರಾಗ ತೆಗೆದರೆ, ಅಮ್ಮನ ಹಾಡು ಕೇಳದೆ ಮತ್ತೆ ಕಣ್ಣು ಮುಚ್ಚುವವಳಲ್ಲ. ಅತ್ತೆಯೋ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವವರು. ಅದರ ಕಟಕಟದಲ್ಲಿ ಒಳಕೋಣೆಯ ಅಳು ಕೇಳಿಸುವುದೇ ಇಲ್ಲ. ಮಗು ಮಲಗದಿದ್ದರೆ ಕೆಲಸಕ್ಕೆ ಎಳ್ಳುನೀರು ಬಿಡುವುದೇ ಗತಿ!

ಕಲಿಕೆ ಶುರುವಾಯಿತು. ಗಂಡ ತಂದುಕೊಟ್ಟ ದಿಂಬಿನಷ್ಟು ದಪ್ಪದ ಪುಸ್ತಕ ಮೊದಲ ಪುಟದಲ್ಲೇ ಅವಳನ್ನು ಮಲಗಿಸಿತು. ಜೋಗುಳಕ್ಕಿಂತ ಅದೇ ವಾಸಿ ಎನಿಸಿತು. ಆಮೇಲೆ ಅಂತರ್ಜಾಲದಲ್ಲಿ ಏನೂ ಬಾರದವರಿಗಾಗಿಯೇ ಮಾಡಿದ ಬಿಟ್ಟಿ ಪಾಠಗಳು ಸಿಕ್ಕವು. ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಆ ವಿಡಿಯೋದ ಮೇಷ್ಟ್ರು ಮುಖ ಸಿಂಡರಿಸಲಿಲ್ಲ. ಅಷ್ಟು ತಾಳ್ಮೆಯ ಗಂಡಸನ್ನು ಅವಳು ಕಂಡಿದ್ದೇ ಮೊದಲು! ಹೊಸಬರು ಪ್ರಶ್ನೆ ಕೇಳುವ ತಾಣವೊಂದೂ ಸಿಕ್ಕಿತು. ಅಲ್ಲಿ ಆಮೆಯ ಚಿತ್ರ ಹಾಕಿಕೊಂಡ ಯಾರೋ ಪುಣ್ಯಾತ್ಮರು "ಬ್ರಾಕೆಟ್ ಮುಚ್ಚಿಲ್ಲ ನೋಡಿ" ಎಂದು ದಿನಾ ತಿಳಿಸಿ ಹೇಳುತ್ತಿದ್ದರು. ಊರವರ ತಪ್ಪು ತಿದ್ದುವವಳ ತಪ್ಪು ತಿದ್ದಲು ಒಂದು ಆಮೆ ಬರಬೇಕಾಯಿತು!

ಕೆಲಸಕ್ಕೆ ಸೇರುವ ಸೋಮವಾರಕ್ಕೆ ಮುಂಚಿನ ಶನಿವಾರ ಮಹಾಪರೀಕ್ಷೆ.

"ಅತ್ತೆ, ನೀವೇನೂ ಮುಟ್ಟಬೇಡಿ. ಕೋಣೇಲಿ ಸದ್ದಾದ್ರೆ ಅದು ನನ್ನ ದನೀಲಿ ಹಾಡುತ್ತೆ. ಸದ್ದು ನಿಂತ್ರೆ ಸುಮ್ಮನಾಗುತ್ತೆ. ಅಷ್ಟೇ!" ಎಂದು ಅಪ್ಪಣೆ ಕೊಡಿಸಿ, ಗಂಡನ ಜೊತೆ ತರಕಾರಿ ತರಲು ಹೊರಟಳು.

ಮರಳಿ ಬಂದರೆ ಮೆಟ್ಟಿಲ ತುಂಬಾ ಜನ. ಕೆಳಮನೆಯ ನಿವೃತ್ತ ಮೇಷ್ಟ್ರು ಬಾಗಿಲು ಗುದ್ದುತ್ತಿದ್ದರು. ಅತ್ತೆ ಬಾಗಿಲು ತೆರೆದರು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಇನ್ನೊಂದು ರಜಾಯಿ.

"ಸೊಸೇನ ಒಳಗೆ ಕೂಡಿಹಾಕಿ ಈ ಪಾಟಿ ಅಳಿಸ್ತೀರಲ್ಲಾ ತಾಯಿ!"

"ಅಳು ಅಲ್ಲ ಕಣ್ರೀ, ಹಾಡು!"

"ಅಳು ಯಾವುದು, ಹಾಡು ಯಾವುದು ಅಂತ ನನಗೆ ಗೊತ್ತಿಲ್ವಾ? ಮಕ್ಕಳನ್ನ ಅಳಿಸಿ ಅಳಿಸಿ ಪಾಠ ಹೇಳಿದೋನು ನಾನು!"

"ಅಯ್ಯೋ, ಅವಳು ಮನೇಲೇ ಇಲ್ಲ!"

"ಮತ್ತೆ ಅಳ್ತಿರೋದು ಯಾರು?"

"ಯಾರು ಅಳ್ತಿರೋದು?" ಎಂದು ಹಿಂದಿನಿಂದ ತರಕಾರಿ ಚೀಲ ಹಿಡಿದ ಸೊಸೆಯೂ ಕೇಳಿದಳು. ಎಲ್ಲರೂ ತಿರುಗಿದರು. ಪಕ್ಕದ ಮನೆಯ ನರ್ಸಮ್ಮ ಓಡಿ ಬಂದು ಅವಳ ನಾಡಿ ಹಿಡಿದರು. ಒಳಗಿಂದ ಅವಳದೇ ದನಿ, ತಾರಕದಲ್ಲಿ!

ಆಗಿದ್ದಿಷ್ಟೆ. ಮಗು ಅತ್ತಿತು, ಕಂಪ್ಯೂಟರು ಹಾಡಿತು. ಹಾಡೂ ಸದ್ದೇ ತಾನೆ? ತನ್ನ ಹಾಡು ತನಗೇ ಕೇಳಿಸಿ, ಯಾರೋ ಅಳುತ್ತಿದ್ದಾರೆಂದು ಮತ್ತೆ ಹಾಡಿತು. ಅತ್ತೆ ಬೈದರು, ಹಾಡಿತು. ರಜಾಯಿ ಹೊದಿಸಿದರು, ಒಳಗಿಂದಲೇ ಹಾಡಿತು. ಮೇಷ್ಟ್ರು ಬಾಗಿಲು ಗುದ್ದಿದ್ದಕ್ಕೂ ಹಾಡಿತು! ಚಿನಕುರಳಿ ಮಾತ್ರ ಹಾಸಿಗೆಯಲ್ಲಿ ಕೂತು, ಕೆಳತುಟಿ ಮುಂದೆ ಮಾಡಿ, ಕಂಪ್ಯೂಟರನ್ನೇ ಕನಿಕರದಿಂದ ನೋಡುತ್ತಿದ್ದಳು.

ಗಂಡ ಪ್ಲಗ್ ಕಿತ್ತ. ಮೇಷ್ಟ್ರು ಕೆಮ್ಮಿ ಕೆಳಗಿಳಿದರು.

ಸೊಸೆ ಅಡುಗೆಮನೆಯ ನೆಲದ ಮೇಲೆ ಕುಸಿದಳು. "ನಾನು ಕೆಲಸಕ್ಕೆ ಹೋಗಲ್ಲ ಅತ್ತೆ. ಪ್ರೆಸ್ಸಿಗೆ ಹೇಳಿಬಿಡ್ತೀನಿ."

"ಏಳು ಮೇಲೆ! ಮೊದಲ ಸಲ ಅಂಗಿ ಹೊಲಿದಾಗ ನಾನು ಎರಡು ತೋಳನ್ನೂ ಒಂದೇ ಕಡೆ ಹಚ್ಚಿದ್ದೆ. ಬಿಚ್ಚಿ ಹೊಲಿದೆ. ನೀನೂ ಬಿಚ್ಚಿ ಹೊಲಿ. ಬೀದಿಯವರೆಲ್ಲ ನನ್ನನ್ನ ಸೊಸೆ ಕಾಡೋ ಅತ್ತೆ ಅಂದದ್ದು ದಂಡ ಆಗಬಾರದು!"

ಸೊಸೆ ನಗುತ್ತಲೇ ಅತ್ತಳು. ಈ ಸಲ ನಿಜವಾಗಿ. ಆಮೇಲೆ ನಡೆದದ್ದನ್ನೆಲ್ಲ ಆಮೆಗೆ ಬರೆದಳು. ತರಕಾರಿ ಹೆಚ್ಚಿ ಮುಗಿಸುವಷ್ಟರಲ್ಲಿ ಉತ್ತರ: "ಹಾಡುವಾಗ ಅದರ ಕಿವಿ ಮುಚ್ಚಿಸಿ, ಹಾಡು ಮುಗಿದ ಮೇಲೆ ತೆರೆಸಿ. ಗಾಬರಿ ಬೇಡ. ನಾನು ಕಲಿಯುವಾಗ ನನ್ನ ಕಂಪ್ಯೂಟರು ಮಧ್ಯಾಹ್ನವಿಡೀ ನಾಯಿಯ ಹಾಗೆ ಬೊಗಳಿತ್ತು."

ಮುಖ ಕಾಣದ ಆ ಆಮೆಗೆ ಮನಸ್ಸಿನಲ್ಲೇ ಕೈಮುಗಿದು ಅವಳು ಬಿಚ್ಚಿ ಹೊಲಿದಳು.

ಸೋಮವಾರ ಮಧ್ಯಾಹ್ನ ಪ್ರೆಸ್ಸಿನಿಂದ ಫೋನು ಮಾಡಿದಳು.

"ಅತ್ತೆ, ಎದ್ದಳಾ? ಕಂಪ್ಯೂಟರು ಹಾಡ್ತಾ?"

"ಹಾಡ್ತು ಕಣೆ, ಒಂದೇ ಸಲ. ಅದು ಕೇಳಿ ನಾನೂ ಒಳಗೆ ಹೋದೆ. ಮಗು ಗಪ್ ಅಂತ ಅಳು ನಿಲ್ಲಿಸಿಬಿಟ್ಟಿತ್ತು."

ಸೊಸೆಯ ಎದೆ ಎರಡು ಮೊಳ ಉಬ್ಬಿತು. "ನಾನು ಹೇಳಲಿಲ್ವಾ! ಮಲಗಿದ್ಲಾ?"

"ಮಲಗಿದ್ಲು. ಆದ್ರೆ ನಿನ್ನ ಹಾಡು ಕೇಳಿ ಅಲ್ಲಮ್ಮ. 'ಅಳಬೇಡ ಪಾಪು, ಅಳಬೇಡ, ಅಮ್ಮ ಬತ್ತಾಳೆ' ಅಂತ ಕಂಪ್ಯೂಟರಿನ ಬೆನ್ನು ತಟ್ಟಿ ತಟ್ಟಿ ಸುಸ್ತಾಗಿ!"