ತಾನೇ ಸ್ನಾನ ಮಾಡಿಕೊಳ್ಳುವ ನಾಲ್ಕನೇ ಟ್ಯಾಂಕಿನವರ ಸನ್ನಿಧಿಗೆ

ಮಾನ್ಯ ನಾಲ್ಕನೇ ನಂಬರಿನ ಟ್ಯಾಂಕಿನವರೇ,

ತಮ್ಮ ಉಕ್ಕಿನ ಮೈಗೆ, ಫಳಫಳ ಹೊಳೆಯುವ ಹೊಟ್ಟೆಗೆ, ಅದರೊಳಗೆ ಹುದುಗುತ್ತಿರುವ ಆರು ಸಾವಿರ ಲೀಟರ್ ಬಿಯರಿಗೆ ಈ ನೌಕರಳ ಸಾವಿರ ನಮಸ್ಕಾರಗಳು. ಹನ್ನೊಂದು ವರ್ಷಗಳಿಂದ ನಾವಿಬ್ಬರೂ ಒಂದೇ ಸೂರಿನ ಕೆಳಗೆ ದುಡಿಯುತ್ತಿದ್ದರೂ, ತಾವು ಖಾಲಿಯಾದಾಗಲೆಲ್ಲ ನಾನು ತಮ್ಮ ಹೊಟ್ಟೆಯೊಳಗೇ ಕೂತು ಬರುತ್ತಿದ್ದರೂ, ತಮ್ಮ ನಿಜವಾದ ಯೋಗ್ಯತೆ ನನಗೆ ತಿಳಿದದ್ದು ಕಳೆದ ಶನಿವಾರ, ಅದೂ ನಮ್ಮದೇ ಬ್ರೂವರಿಯನ್ನು ನೋಡಲು ಬಂದವರ ಸಾಲಿನಲ್ಲಿ ನಿಂತಾಗ.

ನೌಕರರಿಗೆ ವರ್ಷಕ್ಕೊಮ್ಮೆ ಸಿಗುವ ಪುಕ್ಕಟೆ ಪಾಸಿನಲ್ಲಿ ಅಂದು ಅಪ್ಪನನ್ನು ಕರೆತಂದಿದ್ದೆ. ಅಪ್ಪ ನಿವೃತ್ತ ವೆಲ್ಡರ್. ಕಣ್ಣಾರೆ ಕಾಣದ ಕೆಲಸವನ್ನು ಕೆಲಸವೆಂದೇ ಒಪ್ಪದ ಮನುಷ್ಯ. 'ನೀನು ಮಾಡೋದನ್ನ ಒಂದ್ಸಲ ನೋಡ್ಬೇಕಮ್ಮ' ಎಂದು ವರ್ಷಗಟ್ಟಲೆ ದುಂಬಾಲು ಬಿದ್ದಿದ್ದವರು, ಇಸ್ತ್ರಿ ಶರಟು ತೊಟ್ಟು, ಮಾಲ್ಟ್ ಮೂಟೆಗಳ ಮುಂದೆ, ಹಬೆಯಾಡುವ ಕಡಾಯಿಯ ಮುಂದೆ ಕೈಕಟ್ಟಿ ನಿಂತು, ಪ್ರತಿ ಸಲವೂ ನನ್ನತ್ತ ತಿರುಗಿ 'ಇದಾ? ಇದಾ ನಿಂದು?' ಎನ್ನುತ್ತಿದ್ದರು. 'ಇಲ್ಲಪ್ಪ, ಮುಂದಿದೆ' ಎಂದು ನಾನೂ ಬೀಗುತ್ತಲೇ ಬಂದೆ.

ಕೊನೆಗೂ ತಮ್ಮೆದುರು ಬಂದೆವು. ನಾವೆಲ್ಲ ಟೋಪಿಯಣ್ಣ ಎಂದು ಕರೆಯುವ ಗೈಡ್ ಮಹಾಶಯ, ನನ್ನ ಕಣ್ಣು ತಪ್ಪಿಸಿ, ಆಫೀಸಿನವರು ಅಚ್ಚು ಹಾಕಿಸಿ ಕೊಟ್ಟ ಹಾಳೆಯನ್ನು ಗಿಳಿಪಾಠ ಒಪ್ಪಿಸಿದ: 'ನೋಡಿ ಸಾರ್, ಇಲ್ಲಿ ಮನುಷ್ಯರ ಕೈ ಸೋಕೋದೇ ಇಲ್ಲ, ಗುಂಡಿ ಒತ್ತಿದ್ರೆ ಸಾಕು, ಟ್ಯಾಂಕ್ ತಾನೇ ಸ್ನಾನ ಮಾಡ್ಕೊಳ್ಳುತ್ತೆ.' ಜನ ಆಹಾ ಎಂದರು, ಫೋಟೋ ತೆಗೆದರು. ಅಪ್ಪ ಮಾತ್ರ ನನ್ನ ಮುಖ ನೋಡಿದರು.

ಎಂಥ ಸ್ವಾವಲಂಬನೆ ಸ್ವಾಮಿ ತಮ್ಮದು! ಹಾಗಾದರೆ, ಗುಂಡಿ ಒತ್ತಿದರೆ ತಮ್ಮೊಳಗೆ ನೀರು ಚಿಮ್ಮಿಸುವ ಆ ಪುಟ್ಟ ಚೆಂಡು ಸುತ್ತಿ ಸುತ್ತಿ ಸುಸ್ತಾದ ಮೇಲೂ ಕತ್ತಿನ ಸುತ್ತ ಜಪ್ಪಯ್ಯ ಎಂದರೂ ಬಿಡದೆ ಅಂಟಿಕೊಂಡಿರುವ ಒಣನೊರೆಯನ್ನು, ಒಳಗಿನ ಗಾಳಿ ಸರಿಯಿದೆಯೇ ಎಂದು ಮೀಟರಿನಲ್ಲಿ ನೋಡಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಮೊರದಗಲದ ಬಾಗಿಲಲ್ಲಿ ಮೈ ಹಿಂಡಿ ತೂರಿ, ಕೈಯೆತ್ತಿ ಎರಡು ಗಂಟೆ ತಿಕ್ಕುವ ಆ ಹೆಂಗಸು ಯಾರು? ನಾನಂತೂ ಅಲ್ಲವಂತೆ. ಬಹುಶಃ ತಮಗೆ ಬಿದ್ದ ಕನಸಿರಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದರು: 'ಹಾಗಾದ್ರೆ ಹನ್ನೊಂದು ವರ್ಷ ನೀನಲ್ಲಿ ಏನ್ ಮಾಡ್ತಿದ್ದೆ?' ನಾನು ಎಷ್ಟು ವಿವರಿಸಿದರೂ, 'ಅಷ್ಟು ಜನರೆದುರು ಸುಳ್ಳು ಹೇಳ್ತಾರೇನಮ್ಮ?' ಎಂದುಬಿಟ್ಟರು. ಸಂಜೆ ನಾನು ಬರುವಷ್ಟರಲ್ಲಿ ಭುಜಕ್ಕೆ ಶಾಖ ಕೊಡಲು ನೀರು ಕಾಯಿಸಿಡುತ್ತಿದ್ದವರು, ಈಗ ಪೇಪರಿನಿಂದ ತಲೆಯೆತ್ತದೆ 'ಗುಂಡಿ ಒತ್ತಿ ಒತ್ತಿ ಸುಸ್ತಾಯ್ತಾ?' ಎನ್ನುತ್ತಾರೆ. ವ್ಯಂಗ್ಯ ಬಿಟ್ಟು ಹೇಳುತ್ತೇನೆ, ಆ ಮಾತು ಕೇಳಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆದಕಾರಣ ತಮ್ಮಲ್ಲಿ ಸಣ್ಣಪುಟ್ಟ ಬಿನ್ನಹಗಳಿವೆ. ಸೋಮವಾರ ಬಿಯರ್ ಖಾಲಿಯಾದೊಡನೆ ತಾವು ಎರಡು ಕೈ ಮೊಳೆಸಿಕೊಂಡು ತಮ್ಮ ಬೆನ್ನನ್ನು ತಾವೇ ಉಜ್ಜಿಕೊಳ್ಳತಕ್ಕದ್ದು. ಅದಾಗದಿದ್ದರೆ ನಮ್ಮ ಮನೆಯವರೆಗೆ ಉರುಳಿಕೊಂಡು ಬಂದು, ಅಪ್ಪನೆದುರು ಕೂತು, 'ನಿಮ್ಮ ಮಗಳೇ ಕಣ್ರೀ ನನ್ನ ಮೈ ತೊಳೆಯೋದು' ಎಂದು ಸಾಕ್ಷಿ ಹೇಳಬಹುದು. ನಮ್ಮ ಬಾಗಿಲು ಕಿರಿದು ನಿಜ, ಆದರೆ ಕಿರಿಬಾಗಿಲಲ್ಲಿ ತೂರುವುದು ಹೇಗೆಂದು ನಾನು ಹೇಳಿಕೊಡುತ್ತೇನೆ. ಇನ್ನು ತಮ್ಮ ಏಕಾಂತ ಸ್ನಾನಕ್ಕೆ ಅಡ್ಡಿಯಾಗಬಾರದೆಂದು ಸೋಮವಾರಕ್ಕೆ ರಜೆಯ ಅರ್ಜಿಯನ್ನೂ ಕೊಟ್ಟಿದ್ದೇನೆ.

ಸೋಪಿನ ನೊರೆಯಷ್ಟೇ ನಿರ್ಮಲ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಇಲ್ಲದ ಕೈಗಳ ಒಡತಿ

ವಿ.ಸೂ.: ರಜೆ ಸಿಗಲಿಲ್ಲ. ಮ್ಯಾನೇಜರು ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ 'ಟ್ಯಾಂಕಿನೊಳಗೆ ಇಳಿದು ತೊಳೆಯುವವರು ಬೇರೆ ಯಾರೂ ಇಲ್ಲದ ಕಾರಣ ತಿರಸ್ಕರಿಸಿದೆ' ಎಂದು ಬರೆದು, ಸಹಿ ಹಾಕಿ, ಸೀಲೂ ಒತ್ತಿ ಕೊಟ್ಟರು. ಅಪ್ಪ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು, ಸೀಲನ್ನು ಮುಟ್ಟಿ ನೋಡಿದರು, ಆಮೇಲೆ 'ಇದನ್ನ ನಾಲ್ಕು ಪ್ರತಿ ಮಾಡಿಸು' ಎಂದರು. ಒಂದನ್ನು ತಮ್ಮ ಹೊಟ್ಟೆಯ ಮೇಲೆ, ನೋಡಲು ಬರುವವರ ಕಣ್ಣಿಗೆ ಸರಿಯಾಗಿ ಅಂಟಿಸಿದ್ದೇನೆ. ದಯಮಾಡಿ ಸ್ನಾನ ಮಾಡಿಕೊಳ್ಳುವಾಗ ಒದ್ದೆ ಮಾಡಬೇಡಿ.