‘ನೋ’ ಅಂದ್ರೆ ಹೂಂ, ‘ಬರ್ತೀನಿ’ ಅಂದ್ರೆ ಹೋಗ್ತೀನಿ

ನಮ್ಮ ಮನೆಯ ಮಹಡಿಗೆ ಯಾರು ಬರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಬಂದಮೇಲೆ ದಿನಕ್ಕೊಂದು ಫಜೀತಿಯಂತೂ ಖಾತ್ರಿ.

ನಾನು ಬಾಗಲೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಎಲ್ಲೋ ಪೋಲೆಂಡಿನಲ್ಲಿ ಮುಚ್ಚಿಹೋದ ಫ್ಯಾಕ್ಟರಿಯ ದೊಡ್ಡ ಮಷೀನೊಂದನ್ನು ನಮ್ಮವರು ಕೊಂಡು ತಂದರು. ಅದು ನಮ್ಮ ಯಾರ ಮಾತನ್ನೂ ಕೇಳಲಿಲ್ಲ. ಕೊನೆಗೆ ಅಲ್ಲಿ ಇಪ್ಪತ್ತು ವರ್ಷ ಅದನ್ನು ಓಡಿಸಿದ್ದ ಕೆಲಸಗಾರನನ್ನೇ ಕರೆಸಿದರು. ಹೆಂಡತಿ ಮತ್ತು ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಬಂದ. ಯಲಹಂಕದ ಹಳೇ ಪೇಟೆಯಲ್ಲಿ ನಮ್ಮ ಮಹಡಿಯೇ ಅವರ ಮನೆಯಾಯಿತು. ನಮ್ಮ ಸೆಕ್ಷನ್ನಿನವರು ಅವನಿಗೆ ಪೋಲೆಂಡಣ್ಣ ಎಂದು ಹೆಸರಿಟ್ಟರು. ಅವನ ಹೆಂಡತಿ ತಾನಾಗಿಯೇ ಪೋಲೆಂಡಕ್ಕ ಆದಳು.

ಅಕ್ಕನದು ಒಂದೇ ಷರತ್ತು. ಡಿಸೆಂಬರ್‌ವರೆಗೆ ನೋಡುತ್ತಾಳೆ, ಊರು ಒಗ್ಗದಿದ್ದರೆ ಮಗಳ ಜೊತೆ ವಾಪಸ್. ಅವಳು ಹೋದರೆ ಅವನೂ ಹೋದ, ಅವನು ಹೋದರೆ ಮಷೀನೂ ನಿಂತಿತು. ನನ್ನ ಅಮ್ಮನಿಗೆ ಮಷೀನಿನ ಚಿಂತೆಯೇನೂ ಇರಲಿಲ್ಲ. ಮಗು ಅವಳನ್ನು ‘ಅಜ್ಜಿ’ ಎಂದು ಕರೆಯಲು ಕಲಿತುಬಿಟ್ಟಿತ್ತು, ಅಷ್ಟೇ.

೧. ಆನ್ ಮಾಡ್ಲಾ?

ಮೊದಲ ದಿನ. ಪೋಲೆಂಡಣ್ಣ ಎಲ್ಲ ಬೋಲ್ಟು ಬಿಗಿದು ಎದ್ದು ನಿಂತ. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟು, “ಆನ್?” ಎಂದೆ.

“ನೋ, ನೋ,” ಎಂದ.

ಸರಿ, ಇನ್ನೂ ಏನೋ ಬಾಕಿಯಿದೆ ಎಂದು ಕೈ ತೆಗೆದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆ. “ನೋ!” ಎಂದ, ಈ ಸಲ ನಗುತ್ತಾ. ಊಟದ ಹೊತ್ತಿನವರೆಗೆ ನಾವು ಅವನ ಮುಖ ನೋಡುವುದು, ಅವನು ನಮ್ಮ ಮುಖ ನೋಡುವುದು. ಕೊನೆಗೆ ಅವನು ಮ್ಯಾನೇಜರ್ ಹತ್ತಿರ ಹೋಗಿ, ಇಲ್ಲಿ ಸ್ಟ್ರೈಕು ನಡೆಯುತ್ತಿದೆಯೇ ಎಂದು ವಿಚಾರಿಸಿದನಂತೆ.

ಸಂಜೆ ಅಕ್ಕ ಗುಟ್ಟು ಬಿಡಿಸಿದಳು. ಅವರ ಭಾಷೆಯಲ್ಲಿ ‘ನೋ’ ಅಂದರೆ ‘ಹೂಂ ಕಣಯ್ಯಾ’!

ಮಾರನೆಯ ದಿನದಿಂದ ನಮ್ಮ ಸೆಕ್ಷನ್ನಿನಲ್ಲೂ ಅದೇ ಪದ್ಧತಿಯಾಯಿತು. ತಿಂಗಳ ಕೊನೆಗೆ ದೊಡ್ಡ ಸಾಹೇಬರು ಬಂದು, “ಈ ತಿಂಗಳ ಟಾರ್ಗೆಟ್ ಮುಗಿಯುತ್ತೇನ್ರಪ್ಪಾ?” ಎಂದು ಕೇಳಿದರು. ಹದಿನಾಲ್ಕು ಜನ ಒಂದೇ ಉಸಿರಿನಲ್ಲಿ, ಖುಷಿಯಿಂದ, “ನೋ ಸಾರ್!” ಎಂದು ಕೂಗಿದೆವು.

೨. ಸಂಸ್ಕಾರ

ಭಾನುವಾರ ಅಮ್ಮ ಅವರನ್ನು ಊಟಕ್ಕೆ ಕರೆದಳು. ‘ನೋ’ ಅಂದರೆ ಬಡಿಸಬೇಕು ಎಂದು ನಾನು ಮೊದಲೇ ಪಾಠ ಮಾಡಿದ್ದೆ. ಆದರೆ ಪೋಲೆಂಡಣ್ಣ, ಹಿರಿಯರ ಮುಂದೆ ‘ನೋ’ ಒರಟಾಗುತ್ತದೆಂದು, ಅವರಲ್ಲಿ ಮರ್ಯಾದೆಯ ‘ಹೌದು’ ಯಾವುದೋ ಅದನ್ನು ಬಳಸಿದ. ಅದು ‘ತಕ್’.

“ಇನ್ನೊಂಚೂರು ಪಾಯಸ ಹಾಕ್ಲೇನಪ್ಪಾ?”

“ತಕ್, ತಕ್.”

“ನಾನ್ ಆಮೇಲ್ ತಕ್ಕೋತೀನಿ ಕಣಪ್ಪಾ, ಮೊದ್ಲು ನೀನ್ ತಿನ್ನು,” ಎಂದು ಅಮ್ಮ ಪಾತ್ರೆ ಒಳಗೆ ಒಯ್ದಳು. ಅವನು ಕಣ್ಣು ಬಾಗಿಲಿನತ್ತ ನೆಟ್ಟು ಕೂತ. ಹೀಗೆ ಮೂರು ಸಲ ಪಾಯಸ ಬಂತು, ಮೂರು ಸಲವೂ ಹೋಯಿತು.

ಅವರು ಮಹಡಿ ಹತ್ತಿದ ಮೇಲೆ ಅಮ್ಮ ನನ್ನ ಮೇಲೆ ತಿರುಗಿಬಿದ್ದಳು. “ಎಂಥಾ ಸಂಸ್ಕಾರ ನೋಡೋ! ಬಾಯ್ಬಿಟ್ರೆ ನಂಗೇ ‘ತಕ್ಕೋ ತಕ್ಕೋ’ ಅಂತಾನೆ. ನೀನ್ ಹುಟ್ಟಿದಾಗಿಂದ ಒಂದ್ ಸಲ ಅಂದಿದ್ದೀಯಾ?”

೩. ಬಕೆಟ್ಟು

ಈಸ್ಟರ್ ಮುಗಿದ ಸೋಮವಾರ. ಅಮ್ಮ ರೇಷ್ಮೆ ಸೀರೆ ಉಟ್ಟು ಹೆಸರಘಟ್ಟದ ನೆಂಟರ ಗೃಹಪ್ರವೇಶಕ್ಕೆ ಹೊರಟಿದ್ದಳು. ಗೇಟಿನ ಹತ್ತಿರ ಬಂದಳೋ ಇಲ್ಲವೋ, ಮೇಲಿನಿಂದ ಪೂರಾ ಒಂದು ಬಕೆಟ್ ನೀರು ಅವಳ ತಲೆಯ ಮೇಲೆ ಬಿತ್ತು. ಮೇಲೆ ನೋಡಿದರೆ ಗಂಡ, ಹೆಂಡತಿ, ಮಗು ಮೂವರೂ ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದಾರೆ. ಅವರ ಊರಲ್ಲಿ ಆ ದಿನ ಇಷ್ಟಪಟ್ಟವರಿಗೆ ನೀರೆರಚುವುದು ಹಬ್ಬವಂತೆ.

ಆ ಸೀರೆಯನ್ನು ಅಮ್ಮ ನಮಗೆ ಮುಟ್ಟಲೂ ಬಿಡುವುದಿಲ್ಲ. ಅವಳು ಮುಖ ಒರೆಸಿಕೊಂಡು ಮೇಲೆ ನೋಡಿ ಗುಡುಗಿದಳು:

“ಸೀರೆ ಮನೆ ಹಾಳಾಗ್ಲಿ! ಮೂರ್ ದಿನಕ್ಕೊಂದ್ಸಲ ಬರೋ ಕಾವೇರಿ ನೀರು ಕಣೋ ಅದು! ಎರಚಕ್ಕೆ ಬೋರ್ ನೀರಿರ್ಲಿಲ್ವಾ?”

೪. ಒಂದು ತಟ್ಟೆ ಹೆಚ್ಚು

ಡಿಸೆಂಬರ್ ಬಂತು. ಒಂದು ದಿನ ಮಹಡಿಗೆ ಹೋದರೆ ಅಕ್ಕ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಜನವರಿಯ ಟಿಕೆಟ್ಟೂ ಆಗಿದೆ ಎಂದಳು. ನನಗೆ ಸಂಕಟವಾಯಿತು. ಏನಾಯ್ತು ಎಂದು ಕೇಳಿದೆ.

“ನಿಮ್ಮ ಊರಿನವರು ಸುಳ್ಳುಗಾರರು,” ಎಂದಳು. ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದಳಂತೆ. ಹೂವಿನವಳು ಗೇಟಿನಲ್ಲಿ ಮಾತಾಡಿ ‘ಬರ್ತೀನಕ್ಕಾ’ ಅಂತಾಳೆ. ಗ್ಯಾಸಿನವನು ‘ಬರ್ತೀನಿ ಮೇಡಂ’ ಅಂತಾನೆ. ಎದುರುಮನೆ ಟೈಲರ್ ಸಾಬರು ‘ಬರ್ತೀನಮ್ಮಾ’ ಅಂತಾರೆ. “ಪ್ರತಿ ಸಲ ಚಹಾಕ್ಕೆ ನೀರಿಡುತ್ತೇನೆ. ಹತ್ತು ತಿಂಗಳಾಯಿತು. ಒಬ್ಬರೂ ಬಂದಿಲ್ಲ!”

ನನಗೆ ನಗು ಒತ್ತರಿಸಿ ಬಂತು. ಅವಳ ಕಣ್ಣು ನೋಡಿ ನುಂಗಿಕೊಂಡೆ. “ಅಕ್ಕಾ, ನಮ್ಮಲ್ಲಿ ‘ಹೋಗ್ತೀನಿ’ ಅನ್ನಬಾರದು, ಅಪಶಕುನ. ಅದಕ್ಕೇ ‘ಬರ್ತೀನಿ’ ಅಂತ ಹೇಳಿ ಹೋಗ್ತೀವಿ.”

“ಹಾಗಾದರೆ ನಿಜವಾಗಿ ಬರುವವರು ಏನು ಹೇಳುತ್ತಾರೆ?”

“ಏನೂ ಹೇಳಲ್ಲ. ಬಂದ್ಬಿಡ್ತಾರೆ.”

ಅವಳು ನಗಲಿಲ್ಲ. ಕ್ರಿಸ್ಮಸ್ ಹಿಂದಿನ ಸಂಜೆ ಊಟಕ್ಕೆ, ಅಚಾನಕ್ಕಾಗಿ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುವುದು ಅವರ ಪದ್ಧತಿ. ಈ ಸಲ ಅದನ್ನೂ ಇಡುವುದಿಲ್ಲ ಎಂದಳು. ಕೆಳಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು: “ಒಂದೇ ತಟ್ಟೇನಾ?”

ಕ್ರಿಸ್ಮಸ್ ಹಿಂದಿನ ಸಂಜೆ ಅಮ್ಮ ಮಹಡಿಯವರಿಗೆ ಹೇಳದೆ ಕೇಳದೆ, ನಮ್ಮ ಮನೆಯ ಹನ್ನೊಂದು ಸ್ಟೀಲ್ ತಟ್ಟೆ ಹೊತ್ತು ಮಹಡಿ ಹತ್ತಿದಳು. ಹಿಂದೆ ಹೂವಿನವಳು, ಗ್ಯಾಸಿನವನು, ಜಾಮೂನಿನ ಡಬ್ಬಿ ಹಿಡಿದ ಟೈಲರ್ ಸಾಬರ ಇಡೀ ಸಂಸಾರ. ಅಕ್ಕ ಬಾಗಿಲಲ್ಲೇ ಕಲ್ಲಾಗಿ ನಿಂತಳು. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವ ತನಕ ಊಟ ಶುರುಮಾಡುವಂತಿಲ್ಲ ಎಂದು ಪೋಲೆಂಡಣ್ಣ ವಿವರಿಸಿದ. ಹಸಿದ ಅಮ್ಮ ಏರ್‌ಪೋರ್ಟಿಗೆ ಇಳಿಯುತ್ತಿದ್ದ ವಿಮಾನದ ದೀಪ ತೋರಿಸಿ, “ಅಗೋ ಬಂತು, ಬಡಿಸಮ್ಮಾ,” ಎಂದಳು. ಬೀಟ್‌ರೂಟ್ ಸಾರಿನ ರುಚಿ ನೋಡಿ, “ಪಾಪ, ಒಗ್ಗರಣೆ ಮರ್ತಿದ್ದಾಳೆ,” ಎಂದು ಎದ್ದು ಸಾಸಿವೆ ಸಿಡಿಸಿ ಬಂದಳು.

ಊಟ ಮುಗಿಸಿ ಎಲ್ಲರೂ “ಬರ್ತೀವಿ” ಎಂದು ಮೆಟ್ಟಿಲಿಳಿದರು. ಅಕ್ಕನಿಗೆ ಒಂದು ಕ್ಷಣ ಗಾಬರಿ. “ಈ ಬರ್ತೀವಿ ಹೋಗುವುದೇ ತಾನೇ?” ಎಂದು ನನ್ನನ್ನು ಕೇಳಿದಳು. “ಸಾರು ಖಾಲಿಯಾಗಿದೆ!”

೫. ಯಾವ ಬರ್ತೀನಿ?

ಆದರೂ ಟಿಕೆಟ್ ಟಿಕೆಟ್ಟೇ. ಜನವರಿಯ ಒಂದು ಬೆಳಿಗ್ಗೆ ಅಕ್ಕ ಮತ್ತು ಮಗು ಹೊರಟರು. ಮತ್ತೆ ಬರುತ್ತಾಳೋ ಇಲ್ಲವೋ, ಅವಳೂ ಹೇಳಲಿಲ್ಲ, ಕೇಳಲು ಪೋಲೆಂಡಣ್ಣನಿಗೂ ಧೈರ್ಯವಿರಲಿಲ್ಲ. ಬೀದಿಯವರೆಲ್ಲ ಟ್ಯಾಕ್ಸಿ ಸುತ್ತ ನಿಂತಿದ್ದೆವು. ಮಗು ನನ್ನ ಅಮ್ಮನ ಸೆರಗು ಬಿಡುತ್ತಿಲ್ಲ.

ಅಕ್ಕ ಕಾರು ಹತ್ತಿ, ಕಿಟಕಿ ಇಳಿಸಿ, ಅಚ್ಚ ಕನ್ನಡದಲ್ಲಿ “ಬರ್ತೀನಿ” ಎಂದಳು.

ಅಮ್ಮ ಕಿಟಕಿ ಹಿಡಿದುಕೊಂಡಳು. “ಯಾವ ಬರ್ತೀನಿಯಮ್ಮಾ ಇದು? ಹೋಗೋ ಬರ್ತೀನೋ, ಬರೋ ಬರ್ತೀನೋ? ನಿಜ ಹೇಳು, ವಾಪಸ್ ಬರ್ತೀಯಾ?”

ಅಕ್ಕನ ಕಣ್ಣು ತುಂಬಿತು. “ನೋ,” ಎಂದಳು. “ನೋ, ನೋ!”

ಕಾರು ಹೊರಟಿತು. ಹೂವಿನವಳು ಸೆರಗು ಬಾಯಿಗಿಟ್ಟು ಅತ್ತೇಬಿಟ್ಟಳು. ಟೈಲರ್ ಸಾಬರು “ಯಾ ಅಲ್ಲಾ” ಎಂದು ಕಟ್ಟೆಯ ಮೇಲೆ ಕುಸಿದರು. ಬೀದಿಗೆ ಬೀದಿಯೇ ಮೂಗು ಸೀಟುತ್ತಿದ್ದಾಗ ನಡುವೆ ನನ್ನ ಅಮ್ಮ ಮತ್ತು ಪೋಲೆಂಡಣ್ಣ ಇಬ್ಬರೇ ಕೈ ಕೈ ಹಿಡಿದು ಗಿರಗಿರನೆ ಸುತ್ತುತ್ತಿದ್ದರು.

“ಅಳ್ಬೇಡ್ರೇ!” ಅಮ್ಮ ಕೂಗಿದಳು. “‘ನೋ’ ಅಂದ್ಲು ಕಣ್ರೇ! ಒಂದಲ್ಲ, ಮೂರ್ ಸಲ ಅಂದ್ಲು!”