ಆಡಿಟರ ಬೋರ್ಡಿನಲ್ಲಿ ಮೊದಲ ಹೆಸರು

ಬಾಗಿಲು ತೆರೆದೈತೆ, ಇಬ್ಬರು ಬಂದವ್ರೆ, ಒಬ್ಬರೂ ಒಳಗಿಲ್ಲ. ಏನದು?

ನಿಮ್ಮ ಕೈಲಿ ಆಗಲ್ಲ ಬಿಡಿ. ನೀವು ನಮ್ಮ ಅರಸೀಕೆರೆ ಆಡಿಟರುಗಳನ್ನ ನೋಡಿಲ್ಲ. ಒಬ್ಬರು ಉದ್ದ, ಒಬ್ಬರು ಗಿಡ್ಡ. ನಾನು ಹುಟ್ಟೋಕೆ ಮುಂಚೇನೇ ಇಬ್ಬರೂ ಸೇರಿ ಆಫೀಸು ತೆರೆದಿದ್ದರು. ಕೊಬ್ಬರಿ ವರ್ತಕರ ಲೆಕ್ಕವೆಲ್ಲ ಅಲ್ಲೇ. ಎದುರಿಗೆ ನಮ್ಮ ಮಾವನ ಬೋರ್ಡ್ ಬರೆಯೋ ಅಂಗಡಿ. ಎಸ್ಸೆಸ್ಸೆಲ್ಸಿ ನನ್ನ ಕೈಬಿಟ್ಟ ಮೇಲೆ ನಾನೂ ಅಲ್ಲೇ. ಹಾಗಾಗಿ ಇಂಥದ್ದು ದಿನಾ ಕಣ್ಣಿಗೆ ಬೀಳುತ್ತಿತ್ತು.

ಹೊಸಿಲು

ಬೆಳಿಗ್ಗೆ ಇಬ್ಬರೂ ಬಾಗಿಲಲ್ಲಿ ಎದುರಾದರೆ ಮುಗೀತು.

"ನೀವು ಮೊದಲು ಬನ್ನಿ."

"ಛೆ ಛೆ, ದೊಡ್ಡೋರು ನೀವು."

"ವಯಸ್ಸಲ್ಲಿ ನೀವೇ ದೊಡ್ಡೋರು."

"ಬುದ್ಧೀಲಿ ನೀವು!"

ಒಂದಿನ ಹಗರೆ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ಹಿಂದೆ ನಿಂತು ನಿಂತು ಸಾಕಾಗಿ, ಇಬ್ಬರ ನಡುವೆ ತೂರಿ ಹೋಗಿ ಕುರ್ಚಿ ಮೇಲೆ ಕೂತ. "ಬನ್ರೀ ಒಳಕ್ಕೆ, ಸಂಕೋಚ ಬೇಡ" ಅಂದ.

ಮಾಲೇಕಲ್ಲು

ವರ್ತಕರೊಬ್ಬರು ಇಬ್ಬರನ್ನೂ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಕರ್ಕೊಂಡು ಹೋದರು. ವರ್ತಕರು ಬೆಟ್ಟ ಹತ್ತಿ, ದರ್ಶನ ಮಾಡಿ, ಪ್ರಸಾದ ಹಿಡಿದು ಇಳಿದು ಬಂದರೂ ಇವರಿಬ್ಬರು ಮೊದಲ ಮೆಟ್ಟಿಲ ಹತ್ತಿರವೇ. ಬಾಳೆಹಣ್ಣು ಕೊಟ್ಟರೆ ಅದಕ್ಕೂ "ನೀವು ಮೊದಲು, ನೀವು ಮೊದಲು." ಅಷ್ಟರಲ್ಲಿ ಕೋತಿ ಬಂತು. ಅದು ಯಾರನ್ನೂ ಕೇಳಲಿಲ್ಲ.

ಬೋರ್ಡು

ಆಫೀಸಿನ ಹಳೇ ಬೋರ್ಡಿಗೆ ತುಕ್ಕು ಹಿಡಿದಿತ್ತು. "ಯಾರ ಹೆಸರು ಮೊದಲು ಬರೀಲಿ ಸಾ?" ಅಂತ ಮಾವ ಕೇಳಿದ್ದೇ ತಪ್ಪಾಯ್ತು.

"ಇವರದು."

"ಇಲ್ಲ, ಇವರದೇ!"

"ನನ್ನ ಮಾತಿಗೆ ಬೆಲೇನೇ ಇಲ್ವೇನ್ರೀ?"

"ನಾನು ಕೊಡೋ ಮರ್ಯಾದೆ ನಿಮಗೆ ಬೇಡ್ವೇನ್ರೀ?"

ಸಂಜೆಗೆ ಮಾತು ಬಿಟ್ಟರು. ಮಾರನೇ ದಿನ ಉದ್ದದವರು ಗುಟ್ಟಾಗಿ ಬಂದು, "ನಂದೇ ಮೊದಲು ಬರಿ, ಇಲ್ದಿದ್ರೆ ನಾನು ಬೇರೆ ಆಫೀಸು ಮಾಡ್ತೀನಿ" ಅಂದರು. ಅವರು ಹೋದ ಮೇಲೆ ಗಿಡ್ಡದವರು ಬಂದು ಅದನ್ನೇ ಅಂದರು.

"ಯಾರದು ಮೊದಲು ಬರೆದ್ರೂ ಆಫೀಸು ಒಡೀತದೆ. ಏನ್ಲಾ ಮಾಡೋದು?" ಅಂತ ಮಾವ ತಲೆ ಮೇಲೆ ಕೈ ಹೊತ್ತ.

"ನಂಗೆ ಬಿಡು ಮಾವ" ಅಂದೆ.

ಎರಡು ಮುಖ

ಉದ್ದದವರು ಬರೋದು ಸ್ಟೇಷನ್ ಕಡೆಯಿಂದ, ಗಿಡ್ಡದವರು ಪೇಟೆ ಕಡೆಯಿಂದ. ಬೀದಿಗೆ ಚಾಚಿಕೊಂಡಂತೆ ಎರಡು ಮುಖದ ಬೋರ್ಡು ನೇತುಹಾಕಿದೆ. ಯಾರು ಯಾವ ಕಡೆಯಿಂದ ಬರ್ತಾರೋ ಆ ಮುಖದಲ್ಲಿ ಅವರೇ ಮೊದಲು. ಬೆಳಿಗ್ಗೆ ಇಬ್ಬರೂ ತಂತಮ್ಮ ಕಡೆಯಿಂದ ಬಂದು ತಲೆ ಎತ್ತಿ ನೋಡಿದ್ದೇ ನೋಡಿದ್ದು.

"ದೊಡ್ಡ ಮನಸು ಕಣ್ರೀ ನಿಮ್ದು."

"ಅಯ್ಯೋ, ನಿಮ್ದು!"

ಮತ್ತೆ ಹೊಸಿಲಲ್ಲಿ ನಿಂತರು.

ಆಮೇಲೊಂದು ದಿನ ಬೇಲೂರಿನ ಮದುವೆ ಮುಗಿಸಿ ಇಬ್ಬರೂ ಜೊತೇಲೇ ಪೇಟೆ ಕಡೆಯಿಂದ ಬಂದರು. ಉದ್ದದವರು ಬೋರ್ಡು ನೋಡಿದರು, ಆ ಕಡೆ ಹೋಗಿ ನೋಡಿದರು, ನನ್ನನ್ನ ನೋಡಿದರು.

"ಹತ್ತಲಾ ಏಣಿ! ಎರಡೂ ಅಳಿಸು!"

"ಯಾರದು ಮೊದಲು ಅಳಿಸ್ಲಿ ಸಾ?"

ಇಬ್ಬರೂ ಒಟ್ಟಿಗೇ ಕೈ ತೋರಿಸಿದರು: "ಇವರದು ಮೊದಲು!"

ಈ ಕೊನೆ ಮಾತ್ರ ನಾನು ಕಟ್ಟಿದ್ದು. ಅವರು ಆ ಮದುವೆಗೆ ಹೋಗಲೇ ಇಲ್ಲ. "ನೀವು ಮೊದಲು ಹತ್ತಿ" ಅನ್ನೋದ್ರಲ್ಲೇ ಬೇಲೂರು ಬಸ್ಸು ಹೊರಟುಹೋಯ್ತು. ನನ್ನ ಬೋರ್ಡು ಉಳಿದದ್ದು ಹಾಗೆ.